ಊಟದ ಹೊತ್ತಿನ ಕಣ್ಣೀರು

ದಾರದ ತುದಿಯನ್ನು ನಾಲಿಗೆಗೆ ತಾಕಿಸಿದ್ದೇ ತಡ ಎಡಗಣ್ಣು ತುಂಬಿಕೊಂಡಿತು, ಸೂಜಿಯ ಕಣ್ಣು ಈಗ ಎರಡು, ಯಾವುದಕ್ಕೆ ಪೋಣಿಸಲಿ — ಬಾಯಲ್ಲಿ ಊರಬೇಕಾದದ್ದು ಕಣ್ಣಲ್ಲಿ ಊರುತ್ತದೆ, ಹೋದ ವರ್ಷ ಸೊಟ್ಟಗಾದ ಮುಖ ನೆಟ್ಟಗಾಗುವಾಗ ಹೊಸದಾಗಿ ಚಿಗುರಿದ ನರ ದಾರಿ ತಪ್ಪಿತಂತೆ, ಜೊಲ್ಲಿನ ಗ್ರಂಥಿಗೆ ಹೋಗಬೇಕಾದದ್ದು ಕಣ್ಣೀರಿನ ಗ್ರಂಥಿಯ ಮನೆ ಹೊಕ್ಕಿತಂತೆ, ಡಾಕ್ಟರ್ ಗೆರೆ ಎಳೆದು ತೋರಿಸಿದರು, ಒಂದು ಇಂಜೆಕ್ಷನ್ ಕೊಟ್ಟರೆ ನಿಲ್ಲುತ್ತೆ, ಇವತ್ತು ನಾಲ್ಕು ಗಂಟೆಗೆ, ನಮ್ಮವರು ಬೆಳಿಗ್ಗೆಯೇ ಹೇಳಿಹೋಗಿದ್ದಾರೆ, ರೆಡಿಯಾಗಿರು, ನೀನು ಊಟಕ್ಕೆ ಕೂತು ಅಳೋದು ನೋಡಿದ್ರೆ ನಾನೇ ಹೊಡೆದ ಹಾಗಿರುತ್ತೆ — ಪಾಪ, ಸೊಳ್ಳೆಗೂ ಕೈ ಎತ್ತದ ಮನುಷ್ಯ, ಈ ತೋಳಿನ ಅಂಚೊಂದು ಮುಗಿಸಿಬಿಡಬೇಕು, ಮಡಿಕೆ ನಿಲ್ಲುತ್ತಿಲ್ಲ, ಅತ್ತೆಯಾದರೆ ಹೆಬ್ಬೆರಳಿನಿಂದಲೇ ಗೀರಿ ಕೂರಿಸುತ್ತಿದ್ದರು, ಇಪ್ಪತ್ತೆರಡು ವರ್ಷ ಎದುರುಬದುರು ಮೆಷಿನ್ ತುಳಿದೆವು, ಅವರು ಆಡಿದ್ದು ಅಳತೆಯ ಮಾತು ಮಾತ್ರ, ಅರ್ಧ ಇಂಚು ಬಿಡು, ಇಲ್ಲಿ ಬಿಚ್ಚು, ನಮ್ಮಮ್ಮ ತೀರಿಕೊಂಡ ವಾರ ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತು ಬಂದರೆ ಮುಖವನ್ನೂ ನೋಡದೆ ಗುಂಡಿಯ ಡಬ್ಬಿ ತಳ್ಳಿದರು, ಆ ನೀರು ಯಾರಿಗೂ ಕಾಣಲಿಲ್ಲ, ಈ ಸುಳ್ಳು ನೀರು ತಟ್ಟೆಯ ಮುಂದೆ ಮೊದಲ ಸಲ ಇಳಿದಾಗ ಅತ್ತೆ ಎದ್ದು ಬಂದು ಪಕ್ಕದಲ್ಲಿ ಕೂತರು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಹೆಬ್ಬೆರಳಿನಿಂದ ಕೆನ್ನೆ ಒರೆಸಿದರು, ಉಣ್ಣು ಮೊದಲು, ದುಃಖ ಅಲ್ಲ ಅತ್ತೆ, ಇದು ನರದ್ದು ಎಂದೆ, ನರವಂತೆ ನರ, ನಾನೂ ನಲವತ್ತು ವರ್ಷ ಹೊಗೆ ಅಂದೆ, ಈರುಳ್ಳಿ ಅಂದೆ, ನಿನ್ನ ಮಾವ ಸಾಯೋವರೆಗೂ ನಂಬಿದ್ರು, ನನಗೇ ಹೇಳ್ತೀಯಾ — ಅಲ್ಲಿಂದ ಶುರು, ತುತ್ತಿಗೊಂದು ಮಾತು, ಉಳಿಯದೆ ಹೋದ ಅವರ ಮೊದಲ ಮಗು, ಅದಕ್ಕೆಂದು ಹೊಲಿದ ಅಂಗಿಯ ಒಂದೊಂದು ಹೊಲಿಗೆಯನ್ನೂ ಕೂತು ಬಿಚ್ಚಿದ್ದು, ನಿನ್ನೆಯಂತೂ, ನಿಮ್ಮಮ್ಮ ಹೋದಾಗ ನಿನ್ನ ಮುಖ ನೋಡಿದ್ರೆ ನಾನೂ ಬಿಕ್ಕಿಬಿಡ್ತಿದ್ದೆ ಕಣೇ, ಅದಕ್ಕೇ ಡಬ್ಬಿ ತಳ್ಳಿದೆ — ಹದಿನೈದು ವರ್ಷದ ಹಿಂದಿನ ಆ ಡಬ್ಬಿ, ನರವೇ, ದಾರಿ ತಪ್ಪಿದ್ದಕ್ಕೇ ನಿನಗೆ ಕೈಮುಗಿಯಬೇಕು, ನೆಟ್ಟಗೆ ಹೋಗಿದ್ದರೆ ಈ ಮಾತು ನನಗೆ ಸಿಗುತ್ತಿತ್ತೇ, ಬಾರೇ ಅಳುಬುರುಕಿ, ಬಡಿಸಿ ಆಯ್ತು, ಬಂದೆ ಅತ್ತೆ, ಆಸ್ಪತ್ರೆಯ ಚೀಟಿ ಮೆಷಿನ್ನಿನ ಮೇಲಿದೆ, ನಾಲ್ಕಾಗಿ ಮಡಿಸಿ ಗುಂಡಿಗಳ ತಳಕ್ಕೆ ಸೇರಿಸಿ ಮುಚ್ಚಳ ಹಾಕಿದೆ, ನಮ್ಮವರಿಗೆ ಸಂಜೆ ಏನಾದರೊಂದು ನೆಪ, ತಟ್ಟೆ, ಮೊದಲ ತುತ್ತು, ಬಂತು, ಕೆನ್ನೆಯ ಮೇಲೆ ಬೆಚ್ಚಗೆ ಇಳಿಯುತ್ತಿದೆ, ನಾನು ಕೈ ಎತ್ತುವುದಿಲ್ಲ, ಗಲ್ಲದ ತುದಿಯಲ್ಲಿ ನಿಂತಿತು — ಪಕ್ಕದಿಂದ ಆ ಹೆಬ್ಬೆರಳು