ಬಹರಿ ಮಾತಿನ ಫನಾರ್

ಹಿಮ್ಮಡಿ ಒಡೆದಿದೆ, ಪರದೆ ತುಂಬ ಫನಾರ್‌ನ ಹಿಮ್ಮಡಿ, ಬಿರುಕಿನಲ್ಲಿ ಉಪ್ಪು ಬೆಳ್ಳಗೆ ಕೂತಿದೆ, ಮಾಳಿಗೆಯ ಅಂಚಿನಲ್ಲಿ ರಬ್ಬರ್ ಚಪ್ಪಲಿ ಬಿಟ್ಟು, ಎರಡನ್ನೂ ಜೋಡಿಸಿಟ್ಟು, ಆಮೇಲೆ ಹಾರುತ್ತಾನಂತೆ — ಚಪ್ಪಲಿ ಬಿಟ್ಟು ಹಾರುವ ಸೂಪರ್‌ಹೀರೋನನ್ನು ಇನ್ಸಾಫ್ ತನ್ನ ಐವತ್ನಾಲ್ಕು ವರ್ಷದಲ್ಲಿ ಇದೇ ಮೊದಲು ನೋಡುತ್ತಿರುವುದು. ಅವಳ ಕಾಲದ ಹಳೆಯ ಸಿನಿಮಾದ ಫನಾರ್‌ಗೆ ಹಿಮ್ಮಡಿ ಇರಲಿಲ್ಲ. ಇದ್ದಿರಬೇಕು, ಎಲ್ಲರಿಗೂ ಇರುತ್ತದೆ, ಆದರೆ ಅದು ಮೊಣಕಾಲು ಮುಟ್ಟುವ ಬಿಳಿ ಬೂಟಿನೊಳಗೆ ಇತ್ತು, ಮರಳಲ್ಲಿ ನಡೆದರೂ ಒಂದು ಕಣ ಅಂಟದ ಬೂಟು, ಎದೆಯ ಮೇಲೆ ಹೆಸರಿಗೆ ತಕ್ಕ ಹಾಗೆ ದೀಪಸ್ತಂಭದ ದುಂಡು ದೀಪ, ಅದು ಉರಿದರೆ ಹಡಗಿನ ಕಳ್ಳರು ಕಣ್ಣು ಮುಚ್ಚಿಕೊಂಡು ಸಾಲಾಗಿ ಬೀಳುತ್ತಿದ್ದರು, ಹಳೆಯ ನಿರ್ದೇಶಕ ಕೈರೋದ ಸ್ಟುಡಿಯೋದಲ್ಲಿ ನೀಲಿ ಬಟ್ಟೆ ಅಲ್ಲಾಡಿಸಿ ಇದೇ ಸಮುದ್ರ ಅಂದ, ಸಮುದ್ರದ ದಂಡೆಯಲ್ಲೇ ಹುಟ್ಟಿ ಬೆಳೆದ ಇನ್ಸಾಫ್ ಹೌದು ಅಂದಳು, ಅಷ್ಟು ನಂಬಿಕೆ. ಅದನ್ನೆಲ್ಲ ಕಿತ್ತುಹಾಕೋಕೆ ಇವಳು ಯಾರು ದುರಿಯ್ಯಾ, ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ, ಎಂದು ಪೋಸ್ಟರ್ ಅಂಟಿಸಿದ ದಿನದಿಂದ ಹೊಸ ನಿರ್ದೇಶಕಿಗೆ ಬೈಯುತ್ತಲೇ ಬಂದಿದ್ದಾಳೆ, ಟ್ರಾಮಿನಲ್ಲಿ ಆ ಪೋಸ್ಟರ್ ಕಾಣುವ ಕಡೆ ಕೂರುತ್ತಿರಲಿಲ್ಲ, ಜಪ್ಪಯ್ಯ ಅಂದರೂ ನೋಡುವುದಿಲ್ಲ ಎಂದಿದ್ದಳು, ಯಾರೂ ಜಪ್ಪಯ್ಯ ಅನ್ನಲಿಲ್ಲ, ನಿನ್ನೆ ಒಂದು ಫೋನು ಬಂತು, ಅಷ್ಟೇ. ನಾನು ವಗ್ದಿ, ಅಲೆಕ್ಸಾಂಡ್ರಿಯಾಕ್ಕೆ ಬಂದಿದೀನಿ, ಅಪ್ಪನ ಬೇಸಿಗೆ ಮನೆ ಮಾರಿದ್ವಿ, ಸಹಿ ಹಾಕೋದಿತ್ತು, ನಾಳೆ ಆರು ಗಂಟೆ ರೈಲಿಗೆ ಹೊರಟೆ, ಕೈರೋದಿಂದ ದಮ್ಮಾಮ್, ಮಗಳ ಮನೆ, ಇನ್ನು ಈ ಕಡೆ ಬರೋ ಕೆಲಸ ಇರಲ್ಲ. ಮೂವತ್ತು ವರ್ಷದ ಮೇಲೆ ಬಂದ ದನಿ, ಸ್ವಲ್ಪ ದಪ್ಪ ಆಗಿದೆ, ಆದರೆ ಅದೇ. ನಮ್ಮ ಫನಾರ್ ಬಂದಿದೆಯಂತಲ್ಲ, ಮೂರು ಗಂಟೆ ಆಟಕ್ಕೆ ಬರ್ತೀರಾ ಅಂದ, ಬರ್ತೀನಿ ಅಂದಳು, ಒಂದೊಂದು ಅಕ್ಷರವನ್ನೂ ಬಿಡಿಸಿ, ಬರ್ತೀನಿ, ನಾನು. ಆಮೇಲೆ ಅವನು ಇನ್ನೊಂದು ಮಾತು ಸೇರಿಸಿದ, ಅದು ಯಾಕೆ ಬೇಕಿತ್ತು — ಮನೆಯವರನ್ನ ಬಿಟ್ಟು ಬರೋರಲ್ಲ ನೀವು ಅಂತ ನಂಗೆ ಆಗಲೇ ಗೊತ್ತಾಯ್ತು, ನಿಮ್ಮ ತಪ್ಪೇನಿಲ್ಲ, ನನ್ನ ಯೋಗ್ಯತೆ ಅಷ್ಟೇ ಇತ್ತು. ಅದು ಹಾಗಲ್ಲ ಎಂದು ಆಗಲೇ ಹೇಳಬೇಕಿತ್ತು. ಈಗ ಪಕ್ಕದಲ್ಲೇ ಕೂತಿದ್ದಾನೆ, ಕೂದಲೆಲ್ಲ ಬೆಳ್ಳಗೆ, ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತಂತೆ, ಕೈಗಡಿಯಾರದಲ್ಲಿ ನಾಲ್ಕು ಹತ್ತು. ಆರು ಗಂಟೆಯೊಳಗೆ ಹೇಳಬೇಕು.

ಮೊದಲು ಸಿಕ್ಕಿದ್ದೂ ಹೀಗೇ ಸಿನಿಮಾದಲ್ಲೇ, ಸಮುದ್ರದ ಪಕ್ಕದ ಬಯಲು ಚಿತ್ರಮಂದಿರ, ಬೇಸಿಗೆ ಬಂತೆಂದರೆ ಕೈರೋದವರೆಲ್ಲ ಹಾಸಿಗೆ ಸುತ್ತಿಕೊಂಡು ಇಲ್ಲಿಗೆ ಬಂದು ಬೀಳುವ ಕಾಲ, ಮುಂದಿನ ಸಾಲಿನ ಹುಡುಗ ತಿರುಗಿ, ಸ್ವಲ್ಪ ಸುಮ್ನಿರ್ತೀರಾ, ಫನಾರ್ ಏನಂದ ಅಂತ ನಮಗೂ ಕೇಳಿಸ್ಲಿ ಅಂದ, ಅವಳು ಫನಾರ್‌ನ ಮಾತನ್ನು ಅವನಿಗಿಂತ ಅರ್ಧ ಕ್ಷಣ ಮೊದಲೇ ಗಟ್ಟಿಯಾಗಿ ಹೇಳುತ್ತಿದ್ದಳು, ಎಲೈ ಅಂಧಕಾರವೇ, ನಾನು ಬಂದಿರುವೆನು, ಹಿಂದೆ ಸರಿ — ಹಾಗೆ ಮಾತಾಡುತ್ತಿದ್ದ ಆ ಫನಾರ್, ಪುಸ್ತಕದ ಅರಬ್ಬಿ, ಮೀನು ಮಾರುವವನ ಹತ್ತಿರವೂ ಅದೇ, ಎಲೈ ಬೆಸ್ತನೇ, ನಾನು ನಿನಗೆ ಅಭಯವನ್ನು ನೀಡುವೆನು. ಇಡೀ ದೇಶದಲ್ಲಿ ಯಾರೂ ಮನೆಯಲ್ಲಿ ಆಡದ ಮಾತು, ಅದಕ್ಕೇ ಅಷ್ಟು ಚೆಂದ. ವಗ್ದಿ ಕಾಗದವನ್ನೂ ಅದರಲ್ಲೇ ಬರೆಯುತ್ತಿದ್ದ, ನಾನು ನಿನ್ನನ್ನು ನೆನೆಯುತ್ತಿರುವೆನು, ನಾನು ಜುಲೈ ತಿಂಗಳಿನಲ್ಲಿ ಬರುವೆನು, ಕಾಗದದಲ್ಲಿ ಎಲ್ಲರೂ ಹಾಗೇ ತಾನೇ ಬರೆಯುವುದು, ಅವಳೂ ಹಾಗೇ, ನಾನು, ನಾನು, ನಾನು. ಬೇಸಿಗೆಗೆ ಹತ್ತು ದಿನದಂತೆ ಮೂರು ಬೇಸಿಗೆ, ಜೊತೆಗೆ ಕಾವಲಿಗೆ ಅವನ ಅಕ್ಕ ಸನಿಯ್ಯಾ, ಸನಿಯ್ಯಾ ಐಸ್‌ಕ್ರೀಮು ತಿನ್ನುತ್ತ ಬೇಕೆಂದೇ ಹಿಂದೆ ಉಳಿಯುತ್ತಿದ್ದಳು, ಇವರಿಬ್ಬರೂ ಪ್ರೀತಿಯ ಮಾತು ಬಿಟ್ಟು ಫನಾರ್‌ನ ದೀಪ ಯಾತರಿಂದ ಉರಿಯುತ್ತದೆ ಎಂದು ಕಿತ್ತಾಡುತ್ತಿದ್ದರು, ಸಿಟ್ಟಿಂದ ಕಣೇ, ಅವನ ಹಣೆ ನೋಡು ಅಂತ ಅವನು, ಕನಿಕರದಿಂದ ಅಂತ ಇವಳು, ಮೂರು ಬೇಸಿಗೆ ಇತ್ಯರ್ಥವಾಗಲಿಲ್ಲ. ಆ ಮೂವತ್ತು ದಿನದಲ್ಲಿ ಒಂದು ದಿನವೂ ಅವನೆದುರು ಬಹರಿ ಮಾತು, ತಾನು ಹುಟ್ಟಿದ ದಂಡೆಯ ಓಣಿಗಳ ಮಾತು, ಆಡಲಿಲ್ಲ ಇನ್ಸಾಫ್. ಬಹರಿಯಲ್ಲಿ ಒಬ್ಬರೇ ಇದ್ದರೂ ನಾವು, ಹಸಿವಾದರೆ ನಮಗೆ ಹಸಿವಾಗಿದೆ, ನಿದ್ದೆ ಬಂದರೆ ನಾವು ಮಲಗ್ತೀವಿ, ಅಮ್ಮನಿಗೆ ಹಲ್ಲು ನೋವು ಬಂದು ನಮ್ಮ ಹಲ್ಲು ನೋಯ್ತಾ ಇದೆ ಅಂದಾಗ ಕೈರೋದಿಂದ ಬಂದ ಡಾಕ್ಟರು ಎಷ್ಟು ಜನ ಬಂದಿದೀರಿ ಎಂದು ಬಾಗಿಲಾಚೆ ನೋಡಿದನಂತೆ, ಮನೆಯವರೆಲ್ಲ ವರ್ಷಗಟ್ಟಲೆ ನಕ್ಕರು, ಇವಳಿಗೆ ನಗು ಬರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿಗೆ ಸೇರಿದ ಮೊದಲ ವಾರವೇ ಮೇಲ್ವಿಚಾರಕಿ, ಲೈನಿನಲ್ಲಿ ನೀನು ಒಬ್ಬಳೇ ಇರೋದು ಮಗಳೇ, ನಾನು ಅನ್ನೋದು ಕಲಿ ಅಂದಳು, ಸುತ್ತ ಇದ್ದವರೆಲ್ಲ ಕಿಸಕ್ಕೆಂದರು. ಕಲಿತಳು. ಕನ್ನಡಿ ಮುಂದೆ ನಿಂತು ಕಲಿತಳು, ನಾನು ಕೊಡ್ತೀನಿ, ನಾನು ಹುಡುಕ್ತೀನಿ, ಮನೆಗೆ ಬಂದು ಹಾಗೆ ಮಾತಾಡಿದರೆ ಅಮ್ಮ, ಏನೇ ನಿಂದು, ನಮ್ಮನ್ನೆಲ್ಲ ಬಿಟ್ಟು ಒಬ್ಬಳೇ ಎಲ್ಲಿಗೆ ಹೊರಟೆ ಅನ್ನುತ್ತಿದ್ದಳು, ಅದು ತಮಾಷೆಗೆ ಅಂದ ಮಾತು.

ಪರದೆಯಲ್ಲಿ ಫನಾರ್ ಹಾರುತ್ತಿದ್ದಾನೆ, ಇದನ್ನು ಹಾರುವುದು ಅನ್ನುವುದಾದರೆ, ಹಳೆಯವನು ಎರಡು ಕೈ ಮುಂದೆ ಚಾಚಿ ಸೊಂಯ್ಯೆಂದು ಹೋಗುತ್ತಿದ್ದ, ಇವನು ಕಾಣದ ಮೆಟ್ಟಿಲು ಹತ್ತುವವನ ಹಾಗೆ ಒಂದೊಂದೇ ಹೆಜ್ಜೆ ಎತ್ತಿ, ಮಂಡಿ ಹಿಡಿದುಕೊಂಡು, ಮೂರನೆಯ ಮಹಡಿಯ ಎತ್ತರದಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾನೆ, ಅಲ್ಲೇ ಒಬ್ಬ ಹೆಂಗಸು ಕಿಟಕಿಯಿಂದ ನೀರು ಕೊಡುತ್ತಾಳೆ, ಕುಡಿದು ಲೋಟ ವಾಪಸು ಕೊಟ್ಟು ಮತ್ತೆ ಹತ್ತುತ್ತಾನೆ. ಹಗಲು ಟ್ರಾಮು ಶೆಡ್ಡಿನಲ್ಲಿ ಕೆಲಸ. ಕಳ್ಳರಿಲ್ಲ, ಗಹಗಹಿಸಿ ನಗುವ ಶತ್ರುವಿಲ್ಲ, ಸಮುದ್ರ ದಿನಕ್ಕಿಷ್ಟು ಮೇಲೆ ಬರುತ್ತಿದೆ, ಬಹರಿಯ ನೆಲಮಾಳಿಗೆಗಳೆಲ್ಲ ತುಂಬುತ್ತಿವೆ, ಫನಾರ್ ಮುದುಕಿಯರನ್ನೂ ಫ್ರಿಜ್ಜುಗಳನ್ನೂ ಹೊತ್ತು ಮಹಡಿ ಸೇರಿಸುತ್ತಾನೆ, ಸಾಯಂಕಾಲ ಹೆಗಲ ಬಟ್ಟೆ ಹಿಂಡಿ ತಂತಿಗೆ ಹಾಕುತ್ತಾನೆ. ಮೊದಲ ಅರ್ಧ ಗಂಟೆ ಇನ್ಸಾಫ್ ಮುಖ ಗಂಟು ಹಾಕಿಕೊಂಡೇ ಕೂತಿದ್ದಳು, ಇದೇನಿದು, ಇವನೇನು ಹಮಾಲಿಯಾ ಎಂದು, ಯಾವಾಗ ಸಡಿಲಾಯಿತೋ ಗೊತ್ತಾಗಲಿಲ್ಲ, ದೀಪದ ಹತ್ತಿರ ಇರಬೇಕು, ಎದೆಯ ದೀಪ ಆಗಾಗ ಕೆಡುತ್ತದೆ, ಫನಾರ್ ಎರಡು ಸಲ ತಟ್ಟುತ್ತಾನೆ, ಹತ್ತಿಕೊಳ್ಳುತ್ತದೆ, ಸಿಟ್ಟೂ ಇಲ್ಲ ಕನಿಕರವೂ ಇಲ್ಲ, ಅಭ್ಯಾಸ. ಮೂರು ಬೇಸಿಗೆಯ ಜಗಳವನ್ನು ಈ ಹುಡುಗಿ ಎರಡು ತಟ್ಟಿಗೆ ಮುಗಿಸಿಬಿಟ್ಟಳಲ್ಲ. ನೋಡಿದ್ಯಾ, ಇಬ್ರೂ ಸೋತ್ವಿ, ಎಂದು ವಗ್ದಿ ಕಿವಿಯ ಹತ್ತಿರ ಬಾಗಿ ಹೇಳಿದ, ನಿನ್ನೆಯಿಂದ ನೀವು ಎನ್ನುತ್ತಿದ್ದವನು ಯಾವಾಗ ನೀನು ಎಂಬಲ್ಲಿಗೆ ಬಂದನೋ, ಅವನಿಗೂ ಗೊತ್ತಿಲ್ಲ, ಜೇಬಿನಿಂದ ಹುರಿದ ಕಲ್ಲಂಗಡಿ ಬೀಜದ ಪೊಟ್ಟಣ ತೆಗೆದ, ಒಳಗೆ ತರಬಾರದು ಎಂದು ಬಾಗಿಲಲ್ಲೇ ಬರೆದಿದೆ, ಕಟಕ್ ಎಂದು ಹಲ್ಲಲ್ಲಿ ಒಡೆಯುತ್ತಾನೆ, ಕೈ ಪೊಟ್ಟಣಕ್ಕೆ, ಬಾಯಿಗೆ, ಪೊಟ್ಟಣಕ್ಕೆ. ಈ ಕಟಕ್ ಸದ್ದಿಗಾಗಿ ಎಷ್ಟು ಹಾತೊರೆದಿದ್ದೇನೆ ಎಂದು ಇನ್ಸಾಫ್‌ಗೆ ಈಗ ತಿಳಿಯುತ್ತಿದೆ, ಇಷ್ಟು ವರ್ಷ ಏನೋ ಒಂದು ಬೇಕು ಬೇಕು ಅನ್ನಿಸುತ್ತಿತ್ತು, ಅದು ಈ ಸದ್ದು, ಕತ್ತಲಲ್ಲಿ ಎಡಗಡೆಯಿಂದ. ಈಗ ಹೇಳು. ವಗ್ದಿ, ಆ ಫೋನು ನೆನಪಿದೆಯಾ. ಹೇಗೆ ಶುರುಮಾಡುವುದು, ತೊಂಬತ್ತನಾಲ್ಕರ ಮಾರ್ಚಿ, ಅವನು ಕೆಲಸಕ್ಕೆಂದು ಸೌದಿಗೆ ಹೋಗಿದ್ದ, ಎಕ್ಸ್‌ಚೇಂಜಿಗೇ ಬಂದಿತ್ತು ಕರೆ, ಪಕ್ಕದ ಸೀಟಿನವಳು, ದಮ್ಮಾಮಿಂದ ಕಣೇ, ನಿಂಗೇ ಎಂದು ಕಣ್ಣು ಹೊಡೆದು ಕೊಟ್ಟಳು, ಒಂಬತ್ತು ಜನ ಕೆಲಸ ನಿಲ್ಲಿಸಿ ಕಿವಿ ಕೊಟ್ಟಿದ್ದಾರೆ, ಕೆಲಸ ಖಾಯಂ ಆಯ್ತು, ಕೋಣೆ ಸಿಕ್ತು, ಬರ್ತೀಯಾ ಇನ್ಸಾಫ್ ಅಂದ, ಕನ್ನಡಿ ಮುಂದೆ ಕಲಿತದ್ದೆಲ್ಲ ಆ ಗಳಿಗೆಯಲ್ಲಿ ಉದುರಿಹೋಯಿತು, ಅಮ್ಮನ ಬಾಯಿ, ಅಜ್ಜಿಯ ಬಾಯಿ, ಇಡೀ ಬಹರಿಯ ಬಾಯಿ ಅವಳ ಬಾಯಲ್ಲಿ ಬಂತು — ಬರ್ತೀವಿ. ನಾವು ಬರ್ತೀವಿ, ನಾಳೇನೇ ಅಂದ್ರೂ ಬರ್ತೀವಿ. ಆ ಕಡೆ ಗಾಳಿಯ ಸದ್ದು. ಆಮೇಲೆ, ಸರಿ, ನೋಡೋಣ. ನೋಡೋಣ ಅಂದರೇನು, ಒಂಬತ್ತು ಜನರೆದುರು ನಾಚಿಕೆ ಬಿಟ್ಟು ಹೇಳಿದವಳಿಗೆ ನೋಡೋಣ ಅನ್ನುತ್ತಾರಾ. ಕಾಗದ ತಡವಾಗತೊಡಗಿತು, ಚಿಕ್ಕದಾಯಿತು, ನಿಂತಿತು. ಇವಳೂ ಬರೆಯಲಿಲ್ಲ, ಜಂಬ, ಹಾಳು ಜಂಬ.

ಮುಂದಿನ ಬೇಸಿಗೆಗೆ ಸನಿಯ್ಯಾ ಒಬ್ಬಳೇ ಬಂದಳು, ಸಮುದ್ರದ ಕಟ್ಟೆಯ ಮೇಲೆ ಕೂತು ಕೈ ಹಿಡಿದುಕೊಂಡು, ನೀನಾದ್ರೂ ಸ್ವಲ್ಪ ಯೋಚ್ನೆ ಮಾಡಬೇಕಿತ್ತು ಕಣೇ, ಅಮ್ಮ, ಮೂರು ಜನ ತಮ್ಮಂದಿರು, ಎಲ್ಲಾ ಬರ್ತೀವಿ ಅಂದ್ಬಿಟ್ರೆ ಅವನೇನು ಮಾಡ್ತಾನೆ, ಇರೋದು ಒಂದೇ ಕೋಣೆ, ಈಗ ಬಿಡು, ಚಿಕ್ಕಪ್ಪನ ಮಗಳ ಜೊತೆ ಮದುವೆ ಗೊತ್ತಾಯ್ತು. ಅಲ್ಲೇ ಎದ್ದುನಿಂತು ಹೇಳಬಹುದಿತ್ತು, ಅದು ನಾನೊಬ್ಬಳೇ ಸನಿಯ್ಯಾ, ಅದು ನಮ್ಮ ಮಾತು. ಹೇಳಿದರೆ ನಗುತ್ತಿದ್ದಳು. ಡಾಕ್ಟರ ಮಾತಿಗೆ ಮನೆಯವರು ನಕ್ಕ ಹಾಗೆ, ಎಕ್ಸ್‌ಚೇಂಜಿನವರು ನಕ್ಕ ಹಾಗೆ. ಹೌದು, ಮನೆಯವರನ್ನ ಬಿಟ್ಟು ಇರೋದು ಕಷ್ಟ ಅಂದುಬಿಟ್ಟಳು ಇನ್ಸಾಫ್, ಅದನ್ನೇ ಹಿಡಿದುಕೊಂಡು ಮೂವತ್ತು ವರ್ಷ ಬದುಕಿದಳು, ಅಮ್ಮನನ್ನು ನೋಡಿಕೊಂಡಳು, ತಮ್ಮಂದಿರ ಮದುವೆ ಮಾಡಿದಳು, ತ್ಯಾಗ ಮಾಡಿದವಳು ಎಂದು ಬೀದಿಯವರು ಹೊಗಳಿದರು, ತ್ಯಾಗವಲ್ಲ ಅದು, ನಾನು ಅನ್ನುವ ಕಡೆ ನಾವು ಅಂದ ಬಾಯಿತಪ್ಪು, ಅದೂ ಅಲ್ಲ, ತಪ್ಪೇ ಅಲ್ಲ. ನಾಲ್ಕು ಐವತ್ತು. ಪರದೆಯ ತುಂಬ ನೀರು, ಬಹರಿಯ ಓಣಿ, ಇದು ಬಟ್ಟೆಯಲ್ಲ, ನಿಜವಾದ ಸಮುದ್ರ, ಕೊಳಕು, ಟೊಮೇಟೊ ಪೆಟ್ಟಿಗೆಗಳು ತೇಲುತ್ತಿವೆ, ಕೆಳಮನೆಯ ಕಿಟಕಿಯ ಸರಳು ಹಿಡಿದು ಒಬ್ಬ ಮುದುಕಿ, ಯಾರಾದ್ರೂ ಇದೀರಾ ಅಂತ ಕೂಗುತ್ತಾಳೆ, ಎದುರು ಮಾಳಿಗೆಯ ಅಂಚಿನಲ್ಲಿ ಫನಾರ್, ಒಬ್ಬನೇ, ಅವನ ಹಿಂದೆ ಖಾಲಿ ತಂತಿ, ತಂತಿಯ ಹಿಂದೆ ಬರೀ ಆಕಾಶ, ಎರಡು ಕೈ ಬಾಯಿಗೆ ಅಡ್ಡ ಹಿಡಿದು ಇಷ್ಟು ಹೊತ್ತು ತುಟಿ ಬಿಚ್ಚದಿದ್ದವನು ಮೊದಲ ಸಲ ಮಾತಾಡಿದ. ಅಲ್ಲೇ ಇರು ತಾಯಿ, ಅಳಬೇಡ, ಬರ್ತೀವಿ. ನಾವು ಬರ್ತೀವಿ.

ಚಿತ್ರಮಂದಿರವೇ ಎದ್ದು ನಿಂತಿತು, ಹಿಂದಿನ ಸಾಲಿನಿಂದ ಯಾರೋ, ಓಹೋ, ನಮ್ಮೋನು ಕಣ್ರೋ, ಬಹರಿಯೋನು ಅಂದ, ಶಿಳ್ಳೆ, ಚಪ್ಪಾಳೆ, ಯಾರೂ ಅಣಕಿಸಿ ನಗುತ್ತಿಲ್ಲ, ಕಣ್ಣೊರೆಸಿಕೊಂಡು ನಗುತ್ತಿದ್ದಾರೆ, ಇನ್ಸಾಫ್ ಎದ್ದಿಲ್ಲ, ಸೀಟಿನ ಹಿಡಿ ಹಿಡಿದುಕೊಂಡಿದ್ದಾಳೆ, ಇಷ್ಟು ದೊಡ್ಡ ಪರದೆಯ ಮೇಲೆ, ಇಷ್ಟು ಜನರೆದುರು, ಇಷ್ಟು ದೊಡ್ಡವನ ಬಾಯಲ್ಲಿ. ಎಲೈ ಅಂಧಕಾರವೇ ಎಂದವನನ್ನು ಅವಳು ಪ್ರೀತಿಸಿದ್ದಳು, ಇಂದಿಗೂ ಪ್ರೀತಿ ಇದೆ, ಆದರೆ ಅವನು ಕರೆದಾಗ ಹೋಗಬೇಕೆಂದರೆ ಅವನ ಮಾತು ಕಲಿತೇ ಹೋಗಬೇಕಿತ್ತು, ಇವನು ಒಡೆದ ಹಿಮ್ಮಡಿಯಲ್ಲಿ ಅವಳ ಮನೆ ಬಾಗಿಲಿಗೆ ಬಂದು ನಿಂತಿದ್ದಾನೆ, ದುರಿಯ್ಯಾ, ಯಾರ ಮಗಳಮ್ಮ ನೀನು, ಒಂದು ಮೂವತ್ತು ವರ್ಷ ಮೊದಲೇ ಹುಟ್ಟಬಾರದಿತ್ತಾ, ಹುಟ್ಟಿದ್ದರೆ ನಾನೂ ಹಾಗೇ ಮಾತಾಡುತ್ತಿದ್ದೆನಲ್ಲ ಆಗ, ಬೀದಿಯಲ್ಲಿ, ಬಯಲು ಸಿನಿಮಾದಲ್ಲಿ, ಅವನೆದುರು. ವಗ್ದಿಯೂ ನಗುತ್ತಿದ್ದಾನೆ, ಬೀಜ ಒಡೆಯುತ್ತ, ಒಬ್ಬನೇ ನಿಂತ್ಕೊಂಡು ಬರ್ತೀವಿ ಅಂತಾನಲ್ಲ ಮಾರಾಯ, ಇವನ ಜೊತೆ ಇನ್ನು ಯಾರು ಬರ್ತಾರೆ. ಯಾರೂ ಬರಲ್ಲ, ಅಂದಳು, ಬಹರಿ ಕಡೆ ಹಂಗೇ ಅನ್ನೋದು, ಒಬ್ಬರಿದ್ದರೂ ನಾವು. ಹೌದಾ, ಬಹರಿ ಬೀದಿಯಲ್ಲಿ ಆಗ ಕೇಳಿದ್ದೆ ಅನ್ಸುತ್ತೆ, ನೀನೂ ಬಹರಿಯೋಳೇ ಅಲ್ವಾ, ನಿನ್ನ ಬಾಯಲ್ಲಿ ಒಂದ್ಸಲಾನೂ ಕೇಳಿಲ್ವಲ್ಲ ಇನ್ಸಾಫ್. ಅವನ ಕೈ ಪೊಟ್ಟಣಕ್ಕೆ ಹೋಯಿತು. ಪರದೆಯಲ್ಲಿ ಮಾಳಿಗೆಯ ಅಂಚು, ಒಬ್ಬನೇ, ಹಿಂದೆ ಬರೀ ಆಕಾಶ. ಒಂದ್ಸಲ ಅಂದಿದ್ವಿ, ಅಂದಳು ಇನ್ಸಾಫ್, ದಮ್ಮಾಮಿನ ಫೋನಿನಲ್ಲಿ.

ನೀರಿನ ಸದ್ದು, ಯಾರೋ ಕೆಮ್ಮಿದರು, ಪರದೆಯಲ್ಲಿ ಏನಾಗುತ್ತಿದೆಯೋ, ಅವಳು ಆ ಕಡೆ ನೋಡುತ್ತಿಲ್ಲ, ಎಡಕ್ಕೆ ನೋಡುತ್ತಿದ್ದಾಳೆ, ಕಟಕ್ ಸದ್ದು ಬರಲಿಲ್ಲ, ಮತ್ತೆ ಬರಲಿಲ್ಲ, ಪೊಟ್ಟಣದಿಂದ ಹೊರಟ ಕೈ ಬಾಯಿ ಮುಟ್ಟಿಲ್ಲ, ಬೆಳಕು ಅದರ ಮೇಲೆ ಬಂದು ಹೋಗುತ್ತಿದೆ, ಎರಡು ಬೆರಳ ನಡುವೆ ಒಂದು ಬೀಜ, ಆ ಕೈ, ಅರ್ಧದಲ್ಲಿ, ಆ ಕೈ…