ತಲೆ ಎಣಿಕೆ

ಟೀಚರ್ ವಿಮಲಮ್ಮ ಶಾಲೆಯ ಮಕ್ಕಳ ಬೊಗಸೆಗೆ ಚೆಂಡುಹೂ ಹಾಕುತ್ತಿದ್ದಾಗಲೇ ಶಿಕ್ಷಣ ಇಲಾಖೆಯ ಜೀಪು ಬಂದು ನಿಂತಿತು. ಇಳಿದ ಮುರುಗೇಶಪ್ಪ ಸಾಹೇಬರು ಚಪ್ಪಲಿ ಬಿಟ್ಟು, ಅಂಗಳದಲ್ಲಿ ವಿಭೂತಿ ಹಚ್ಚಿ ಕೂರಿಸಿದ್ದ ಉಜ್ಜನಪ್ಪ ಮೇಷ್ಟ್ರ ಶವಕ್ಕೆ ಕೈಮುಗಿದರು. ಆಮೇಲೆ ದನಿ ತಗ್ಗಿಸಿದರು.

“ಸ್ಕೂಲಿಗೆ ಬೀಗ ಹಾಕಿದೀರಲ್ಲಮ್ಮ! ಇವತ್ತು ತಲೆ ಎಣಿಕೆ ಅಂತ ಹೇಳಿ ಕಳಿಸಿರ್ಲಿಲ್ವಾ?”

“ಹಳೇ ಹೆಡ್‌ಮಾಸ್ಟ್ರು ಹೋದ್ರು ಸಾರ್. ಎಲ್ಲಾ ಮಕ್ಕಳನ್ನೂ ಇಲ್ಲಿಗೇ ಕರ್ಕೊಂಡು ಬಂದ್ಬಿಟ್ಟೆ.”

ಭದ್ರಾವತಿಯ ಕಾರ್ಖಾನೆ ಕೆಲಸಗಾರರಿಗೆ ವಿಆರ್‌ಎಸ್ ಕೊಟ್ಟು ಮನೆಗೆ ಕಳಿಸಿದ ಮೇಲೆ ಕ್ವಾರ್ಟರ್ಸ್ ಅರ್ಧ ಖಾಲಿಯಾಗಿತ್ತು. ಉಳಿದವರಲ್ಲಿ ಕೈಲಾದವರು ಮಕ್ಕಳನ್ನು ಕಾನ್ವೆಂಟಿಗೆ ಹಾಕಿದ್ದರು. ಮಕ್ಕಳ ತಲೆ ಸಾಲದಿದ್ದರೆ ಇಲ್ಲಿಯ ಸರ್ಕಾರಿ ಶಾಲೆಯನ್ನು ಮುಚ್ಚಿ ಹೈವೇ ಆಚೆಯ ಶಾಲೆಗೆ ಸೇರಿಸುವುದೆಂದು ಆದೇಶವಾಗಿತ್ತು.

ಶಾಲಾ ಸಮಿತಿಯ ಅಧ್ಯಕ್ಷ ಹಾಲಸ್ವಾಮಿಗೆ ಸಾವಿನ ಮನೆಯಲ್ಲೂ ಬಾಯಿ ಸುಮ್ಮನಿರದು. “ಕ್ಲಾಸಲ್ಲಿ ಒಂದಿನ ಕುರ್ಚಿ ಮುಟ್ಟಿದೋರಲ್ಲ ಮಾರಾಯ, ನಿಂತೇ ಪಾಠ. ಇವತ್ತು ಕೂರಿಸ್ಬೇಕಾದ್ರೆ ನಾಲ್ಕು ಜನ ಹಿಡೀಬೇಕಾಯ್ತು!”

*

ಹಿಂದೊಮ್ಮೆ ಇಂಥದೇ ತನಿಖೆಗೆ ಈ ಹಾಲಸ್ವಾಮಿಯೇ ಕಾನ್ವೆಂಟ್ ಮಕ್ಕಳ ಟೈ ಬಿಚ್ಚಿಸಿ ತಂದು ಕೂರಿಸಿದ್ದ. ಮೇಷ್ಟ್ರು ಮೂಗಿನಲ್ಲೇ ರಾಗ ಎಳೆದಿದ್ದರು: “ಯಾರ ಮನೆ ಕರುಗಳಪ್ಪಾ ಇವು? ನಮ್ಮ ಕೊಟ್ಟಿಗೇಲಿ ಯಾಕಪ್ಪಾ ಕಟ್ಟಿದೀಯ?”

ಅವರು ಬಿಸ್ಕತ್ತು ಕೊಟ್ಟು ಆ ಮಕ್ಕಳನ್ನು ವಾಪಸು ಕಳಿಸಿದ ಮೇಲೆ ವಿಮಲಮ್ಮ ಜಗಳಕ್ಕೇ ನಿಂತಳು. “ನಿಮ್ಮ ಮೊಮ್ಮಗಳೇ ಕಾನ್ವೆಂಟಿಗೆ ಹೋಗ್ತಾಳೆ ಸಾರ್. ನ್ಯಾಯ ನೀತಿ ಎಲ್ಲಾ ಇಲ್ಲಿರೋ ಬಡವರ ಮಕ್ಕಳಿಗೆ ಮಾತ್ರಾನಾ?”

“ಮಗನಿಗೆ ಹೇಳಿ ಸೋತೆ ಕಣಮ್ಮ,” ಎಂದ ಮೇಷ್ಟ್ರು ಬೋರ್ಡಿನ ಕಡೆ ತಿರುಗಿಕೊಂಡರು. ಅದರ ಮೇಲೆ ಏನೂ ಬರೆಯಲಿಲ್ಲ.

*

ಮೇಷ್ಟ್ರನ್ನು ಪಲ್ಲಕ್ಕಿಯಂತೆ ಕಟ್ಟಿದ್ದ ಹೂವಿನ ವಿಮಾನದಲ್ಲಿ ಕೂರಿಸಿ ಎತ್ತಿದರು. ಹೂ ಹಿಡಿದ ಮಕ್ಕಳು ರಸ್ತೆಯಂಚಿಗೆ ಸಾಲಾಗಿ ನಿಂತರು. ಸಾಲು ಯಾಕೋ ಉದ್ದವಾಗಿತ್ತು. ಸಾವು ನೋಡಲು ಬಂದಿದ್ದ ಕಾನ್ವೆಂಟ್ ಮಕ್ಕಳನ್ನೂ ಹಾಲಸ್ವಾಮಿ ನಡುನಡುವೆ ತೂರಿಸಿದ್ದ. ಮೇಷ್ಟ್ರ ಮೊಮ್ಮಗಳು ಗಗನಾಳನ್ನೂ ಬಿಟ್ಟಿರಲಿಲ್ಲ.

“ಎಲ್ಲಾ ನಿಮ್ಮ ಸ್ಕೂಲಿನವೇನಮ್ಮ?” ಮುರುಗೇಶಪ್ಪ ಪೆನ್ನು ತೆಗೆದರು. “ಹೂಂ ಅಂದ್ರೆ ಸಾಕು. ಹೆಣದ ಮುಂದೆ ನಾನು ಹಾಜರಿ ಕೂಗಕ್ಕಾಗುತ್ತಾ?”

ವಿಮಲಮ್ಮ ವಿಮಾನದ ಕಡೆ ನೋಡಲಿಲ್ಲ. ಸಾಲಿನಲ್ಲಿ ಗಾರೆ ಕೆಲಸದ ಕರಿಯಮ್ಮನ ಮಗಳಿದ್ದಳು, ಲಾರಿ ಕಂಡರೆ ಕಿವಿ ಮುಚ್ಚಿ ಕೂತುಬಿಡುವವಳು. ನಾಳೆ ಹೈವೇ ದಾಟಬೇಕಾದವಳು.

“ಹೂಂ ಸಾರ್. ಎಲ್ಲಾ ನಮ್ಮವೇ.”

ಸಾಹೇಬರು ಎಣಿಸುತ್ತ ಬಂದರು. ಗಗನಾ ಅಜ್ಜನ ಮೇಲೆ ಹೂ ಎರಚುತ್ತಿದ್ದಳು. ಅವಳ ತಲೆಯನ್ನು ಪೆನ್ನಿನ ಹಿಂತುದಿಯಿಂದ ಮೆಲ್ಲಗೆ ಮುಟ್ಟಿ, ಲೆಕ್ಕಕ್ಕೆ ಸೇರಿಸಿಕೊಂಡು, ಅವರು ಮುಂದಿನ ತಲೆಗೆ ಹೋದರು.