ಸುಸ್ಥಿತಿಯಲ್ಲಿ ಸ್ವೀಕರಿಸಿದೆ

ಬೋಳಾರದ ತಗ್ಗಿನ ಓಣಿಗೆ ನೀರು ನುಗ್ಗಿದೆ ಎಂಬ ಫೋನು ಬಂದಾಗ ಅಕ್ಷಿತಾಳ ಕೈಯಲ್ಲಿದ್ದ ಚಹಾ ಚೆಲ್ಲಿತು. ಮಳೆಗೆ ಹೆದರುವ ಹುಡುಗಿಯಲ್ಲ ಅವಳು. ಹೆದರಿದ್ದು ಪಂಪಿಗೆ. ಕಚೇರಿಯಲ್ಲಿ ಅವಳು ನೋಡಿಕೊಳ್ಳುವ ಉಗ್ರಾಣದಲ್ಲಿ ನೀರೆತ್ತುವ ದೊಡ್ಡ ಪಂಪೊಂದು ಉಂಟೆಂದು ಊರಿಗೆಲ್ಲ ಗೊತ್ತು. ಅದು ಅಲ್ಲಿಲ್ಲ ಎಂದು ಕಚೇರಿಯಲ್ಲಿ ಗೊತ್ತಿದ್ದವರು ಇಬ್ಬರೇ: ಅವಳು ಮತ್ತು ಎಂಜಿನಿಯರ್ ದೀಪೇಶ್.

ಪ್ರವಾಹ ಪರಿಹಾರದ ಅನುದಾನ ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದಿದ್ದರೆ ಸರ್ಕಾರಕ್ಕೆ ವಾಪಸು. ಟೆಂಡರ್ ಕರೆಯುವುದರಲ್ಲೇ ವರ್ಷ ಕಳೆದ ಮಹಾನುಭಾವರಿಗೆ ಕೊನೆಯ ವಾರದಲ್ಲಿ ಬಾಲಕ್ಕೆ ಬೆಂಕಿ ಬಿದ್ದಿತ್ತು. ನಿಯಮವೋ ಖಡಾಖಂಡಿತ: ಸಾಮಾನು ಬಂದು, ಉಗ್ರಾಣದವರು ನೋಡಿ, 'ಸುಸ್ಥಿತಿಯಲ್ಲಿ ಸ್ವೀಕರಿಸಿದೆ' ಎಂದು ಸಹಿ ಹಾಕಿದ ಮೇಲೆಯೇ ಬಿಲ್ಲು ಪಾಸು. "ಲಾರಿ ದಾರಿಯಲ್ಲುಂಟು ಮಾರಾಯ್ತಿ, ಎಲ್ಲರೂ ಹೀಗೇ ಮಾಡುವುದು," ಎಂದಿದ್ದ ದೀಪೇಶ್. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಅವಳು ಸಹಿ ಹಾಕಿದಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸಹಿ ಹಾಕುವುದಿಲ್ಲ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಕಂಪೆನಿಗೆ ಹಣ ಹೋಯಿತು. ಲಾರಿ ಮಾತ್ರ ಜೂನ್ ಬಂದರೂ ದಾರಿಯಲ್ಲೇ ಇತ್ತು.

ಮತ್ತೆ ಫೋನು. ಅದೇ ಓಣಿಯ ಅಯ್ಯೂಬ್.

"ಮೇಡಂ, ನಿಮ್ಮ ಪಂಪ್ ಎಲ್ಲಿಗೆ ಮುಟ್ಟಿತು? ಉಮ್ಮನ ಸೊಂಟ ಮುರಿದದ್ದು, ಎತ್ತಿಕೊಂಡು ಹೊರಗೆ ಬರುವ ಅಂದರೆ ಓಣಿಯಲ್ಲಿ ಎದೆಮಟ್ಟ ನೀರು ಉಂಟು. ಮೇಜಿನ ಮೇಲೆ ಮಲಗಿಸಿದ್ದೇವೆ. ನೀರು ಈಗ ಮೇಜಿಗೆ ತಾಗುವ ಹಾಗೆ ಬಂತು."

ಹಿಂದಿನಿಂದ ಅವನ ತಾಯಿ ಸಾರಮ್ಮನ ನರಳಾಟ ಕೇಳಿಸಿತು. ಅಕ್ಷಿತಾ "ಬರ್ತದೆ" ಎಂದಷ್ಟೇ ಹೇಳಿದಳು. ಹೇಳಿದ ಮೇಲೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಫೋನಿಟ್ಟದ್ದೇ ಕಂಟ್ರೋಲ್ ರೂಮಿನಿಂದ ಕರೆ. "ನಮ್ಮ ಹತ್ತಿರ ಉಳಿದದ್ದು ಒಂದೇ ಪಂಪ್. ಪಂಪ್‌ವೆಲ್‌ನಲ್ಲಿ ಸರ್ಕಲಿನ ರಸ್ತೆಯೇ ಕಾಣುವುದಿಲ್ಲ, ಅಲ್ಲಿಗೆ ಹೊರಡಿಸ್ತಾ ಇದ್ದೇವೆ. ಬೋಳಾರಕ್ಕೆ ನಿಮ್ಮದೇ ಉಂಟಲ್ಲ?"

ಎದುರೇ ನಿಂತಿದ್ದ ದೀಪೇಶ್ ಅವಳ ಫೋನನ್ನು ಅಂಗೈಯಿಂದ ಮುಚ್ಚಿ ಪಿಸುಗುಟ್ಟಿದ. "ಉಂಟು ಅಂತ ಹೇಳು. ಕಂಪೆನಿಯವನಿಗೆ ಹೇಳಿದ್ದೇನೆ, ಮಧ್ಯಾಹ್ನದೊಳಗೆ ಎಲ್ಲಿಂದಾದರೂ ತರ್ತಾನೆ. ಇಲ್ಲ ಅಂದರೆ ಮೊದಲು ಜೈಲಿಗೆ ಹೋಗುವುದು ನೀನು. ಪಂಪ್ ಬಂದಿದೆ ಅಂತ ಬರೆದದ್ದು ನಾನಲ್ಲ."

ನಿಜ. ಅವನದ್ದು ಬರೀ ಬಾಯಿಮಾತು. ಮಗಳಿಗೆ ಸರ್ಕಾರಿ ಕೆಲಸ ಎಂದು ಊರಿಡೀ ಹೇಳಿಕೊಂಡು ತಿರುಗುವ ಅಮ್ಮನ ಮುಖ ಕಣ್ಣೆದುರು ಬಂತು. ಆ ಅಮ್ಮನ ಅಂಗಳದಲ್ಲಿ ಪೊಲೀಸ್ ಜೀಪು. ಆದರೆ ಮಧ್ಯಾಹ್ನದವರೆಗೆ ನೀರು ಕಾಯುತ್ತದೆಯೆ?

"ಹಲೋ? ಗಾಡಿ ಸ್ಟಾರ್ಟ್ ಆಯ್ತು ಮೇಡಂ. ಉಂಟಾ, ಇಲ್ಲವಾ?"

"ಇಲ್ಲ," ಎಂದಳು. ಸ್ವರ ಅವಳಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು. "ಇಲ್ಲಿ ಪಂಪ್ ಇಲ್ಲ. ನಿಮ್ಮದನ್ನು ಬೋಳಾರಕ್ಕೆ ಕಳಿಸಿ, ಬೇಗ. ಒಬ್ಬರು ಅಜ್ಜಿ ನೀರಲ್ಲಿದ್ದಾರೆ."

ಅವಳ ಮೈಗೆ ಸಿಡುಬೆದ್ದ ಹಾಗೆ ದೀಪೇಶ್ ಹಿಂದೆ ಸರಿದ. ಆಚೆಯವನು ಯಾರಿಗೋ ಕೂಗಿ ಗಾಡಿ ತಿರುಗಿಸಲು ಹೇಳಿ, ಮತ್ತೆ ಫೋನಿಗೆ ಬಂದ.

"ಲಿಸ್ಟಿನಲ್ಲಿ ಮಾರ್ಚಿಗೇ ಬಂದಿದೆ ಅಂತ ಉಂಟಲ್ಲ ಮೇಡಂ. ಬರಲಿಲ್ಲ ಅಂತ ಯಾರು ಹೇಳಿದ್ದು ಅಂತ ಬರೆಯುವುದು?"

ಅಕ್ಷಿತಾ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಅಕ್ಷಿತಾ ಅಂತ ಬರೆಯಿರಿ. ಬಂದಿದೆ ಅಂತ ಸಹಿ ಹಾಕಿದ್ದೂ ನಾನೇ."